ಹಾಲ್‌ಗೆ ಯಾವ ಬಣ್ಣ? ಉತ್ತರಕ್ಕೆ ಕಿಟಕಿ, ಪಕ್ಕದಲ್ಲಿ ಕಿತ್ತಳೆ ಗೋಡೆ

ಹನುಮಂತನಗರ ಮೊದಲ ಮಹಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹನುಮಂತನಗರದಲ್ಲಿ ಥರ್ಟಿ ಫಾರ್ಟಿ ಸೈಟಿನ ಹಳೇ ಮನೆ. ಕೆಳಗೆ ಅತ್ತೆ ಮಾವ, ಮೇಲೆ ನಾವು. ಮಳೆಗಾಲ ಕಳೆದ ಮೇಲೆ ಮೇಲಿನ ಮನೆಗೆ ಪೂರ್ತಿ ಪೇಂಟ್ ಮಾಡಿಸಬೇಕು ಅಂತಿದ್ದೇವೆ. ಬಣ್ಣ ಯಾವುದು ಅನ್ನುವುದೇ ತೀರ್ಮಾನ ಆಗುತ್ತಿಲ್ಲ.

ಹಾಲ್ 18 ಅಡಿ ಉದ್ದ, 12 ಅಡಿ ಅಗಲ. ರಸ್ತೆ ಕಡೆಗೆ, ಅಂದರೆ ಉತ್ತರಕ್ಕೆ, ದೊಡ್ಡ ಕಿಟಕಿ. ಪೂರ್ವಕ್ಕೆ ಚಿಕ್ಕದೊಂದು. ಆ ಚಿಕ್ಕ ಕಿಟಕಿಯಿಂದ ನಾಲ್ಕೇ ಅಡಿಗೆ ಪಕ್ಕದ ಮನೆ ಗೋಡೆ. ಅವರು ಈಚೆಗೆ ಮೂರು ಮಹಡಿ ಕಟ್ಟಿ ಗಾಢ ಕಿತ್ತಳೆ ಬಣ್ಣ ಹೊಡೆಸಿದ್ದಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಬಿಸಿಲು ಆ ಸಂದಿಗೆ ಇಳಿದಾಗ ನಮ್ಮ ಹಾಲ್‌ನ ಒಂದು ಭಾಗ ಕೇಸರಿ ಕೇಸರಿಯಾಗುತ್ತದೆ.

ನೆಲ ಹಳೇ ಮೊಸಾಯಿಕ್. ಕೆನೆ ಬಣ್ಣದ ಮೇಲೆ ಹಸಿರು, ಕಂದು ಚೂರುಗಳು. ಬಾಗಿಲು ಕಿಟಕಿ ತೇಗದ್ದು, ಪಾಲಿಶ್ ಇದೆ. ಇವನ್ನೆಲ್ಲ ಬದಲಾಯಿಸುವ ಯೋಚನೆ ಇಲ್ಲ.

ನಮ್ಮವರಿಗೆ ಗ್ರೇ ಬೇಕು, ಫೋನಿನಲ್ಲಿ ನೋಡಿದ ಫ್ಲಾಟ್‌ಗಳ ಥರ. ನಾದಿನಿ ಟಿವಿ ಹಿಂದೆ ಬೇರೆ ಬಣ್ಣದ ಹೈಲೈಟರ್ ಗೋಡೆ ಇರಲೇಬೇಕು ಅಂತಾಳೆ. ನನಗೆ ಮನೆಯಲ್ಲಿ ಬಣ್ಣ ಬೇಕು, ಆದರೆ ಕಣ್ಣಿಗೆ ಹೊಡೆಯಬಾರದು. ತಿಳಿದವರು ದಯವಿಟ್ಟು ಹೇಳಿ.

ಬಿಳಿ ಗೋಡೆ

ಎಲ್ಲ ಕಡೆ ಬಿಳಿ ಮಾಡಿಸಿ, ತಲೆನೋವೇ ಇಲ್ಲ. ಮನೆ ದೊಡ್ಡದಾಗಿ ಕಾಣುತ್ತದೆ. ಬಣ್ಣ ಬೇಕೆಂದರೆ ಕುಶನ್, ಪರದೆ, ಚಿತ್ರ ಇದ್ದೇ ಇವೆ. ಬೇಜಾರಾದರೆ ಅವನ್ನು ಬದಲಾಯಿಸುವುದು ಸುಲಭ.

ಕಿಟಕಿಯಾಚೆ

ಒಳಾಂಗಣ ವಿನ್ಯಾಸ ನನ್ನ ಕೆಲಸ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಅಕ್ಕ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನೆಲ, ಬಾಗಿಲು, ಕಿಟಕಿಯ ದಿಕ್ಕು, ಪಕ್ಕದ ಮನೆ ಗೋಡೆ, ಯಾವುದೂ ಬದಲಾಗುವುದಿಲ್ಲ ಅಂದಿರಿ. ಹಾಗಾದರೆ ಅಲ್ಲಿಂದಲೇ ಶುರು ಮಾಡಬೇಕು. ಜನ ಶೇಡ್ ಕಾರ್ಡ್‌ನಿಂದ ಶುರು ಮಾಡುತ್ತಾರೆ. ಆ ಕಾರ್ಡ್ ಅಚ್ಚಾದದ್ದು ಎಲ್ಲೋ, ನೀವು ಅದನ್ನು ನೋಡುವುದು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ. ನಿಮ್ಮ ಹಾಲ್‌ನ ಬೆಳಕು ಅದಕ್ಕೆ ಗೊತ್ತಿಲ್ಲ.

ಉತ್ತರದ ಕಿಟಕಿಯಿಂದ ಬರುವುದು ಹೆಚ್ಚಾಗಿ ಆಕಾಶದ ಬೆಳಕು, ನೇರ ಬಿಸಿಲಲ್ಲ. ಅದರಲ್ಲಿ ನೀಲಿ ಅಂಶ ಜಾಸ್ತಿ. ಆದ್ದರಿಂದ ಕಾರ್ಡ್‌ನಲ್ಲಿ ಶುದ್ಧ ಬೂದು ಕಂಡದ್ದು ನಿಮ್ಮ ಗೋಡೆಯ ಮೇಲೆ ನೀಲಿ ಬೂದು ಆಗುತ್ತದೆ. ಮೋಡ ಕವಿದ ಜುಲೈ ತಿಂಗಳಲ್ಲಿ ಇನ್ನೂ ಮಂಕು.

ಇಲ್ಲಿ ಒಂದು ಮಾತು. ಉತ್ತರದ ಕೋಣೆಗೆ ಬಿಸಿಲೇ ಬರಲ್ಲ ಅಂತ ವಿದೇಶದ ವಿಡಿಯೋಗಳಲ್ಲಿ ಹೇಳುತ್ತಾರೆ. ಅದು ಅವರ ಊರಿಗೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ, ಸಂಜೆಯ ಓರೆ ಬಿಸಿಲೂ ಉತ್ತರದ ಗೋಡೆಗೆ ತಾಗುತ್ತದೆ. ಅಂದರೆ ಮೇ ತಿಂಗಳಲ್ಲಿ ನಿಮ್ಮ ಹಾಲ್ ಒಂದು ಥರ, ಡಿಸೆಂಬರ್‌ನಲ್ಲಿ ಇನ್ನೊಂದು ಥರ. ಎರಡಕ್ಕೂ ಒಗ್ಗುವ ಬಣ್ಣ ಹುಡುಕಬೇಕು.

ಈಗ ಆ ಕಿತ್ತಳೆ ಗೋಡೆ. ಬೆಂಗಳೂರಿನ ಸಣ್ಣ ಸೈಟ್‌ಗಳಲ್ಲಿ ಇದು ತುಂಬ ದೊಡ್ಡ ವಿಷಯ, ಆದರೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಕ್ಕದವರ ಗೋಡೆಗೆ ಬಿದ್ದ ಬಿಸಿಲು ಆ ಬಣ್ಣವನ್ನು ಹೊತ್ತುಕೊಂಡೇ ನಿಮ್ಮ ಕಿಟಕಿಯೊಳಗೆ ಬರುತ್ತದೆ. ಪೂರ್ವದ ಕಿಟಕಿಯಿಂದ ಬಂದದ್ದು ಎದುರಿನ ಪಶ್ಚಿಮದ ಗೋಡೆಗೆ ಬೀಳುತ್ತದೆ. ಅಲ್ಲಿ ಗ್ರೇ ಹೊಡೆಸಿದರೆ ಒಂದು ಭಾಗ ಕಿತ್ತಳೆ, ಅದರ ಪಕ್ಕದ ಭಾಗ ಇನ್ನಷ್ಟು ನೀಲಿ ಕಾಣುತ್ತದೆ. ಹಸಿರು ಹೊಡೆಸಿದರೆ ಕೊಳೆ ಹಿಡಿದ ಹಾಗೆ ಕಂದುಗಟ್ಟುತ್ತದೆ. ಅಲ್ಲಿಗೆ ಕೆನೆ ಬಣ್ಣವೇ ಸರಿ. ಕಿತ್ತಳೆ ಬೆಳಕು ಬಿದ್ದಾಗ ಅದು ಸ್ವಲ್ಪ ಬೆಚ್ಚಗಾಗುತ್ತದೆ, ಅಷ್ಟೇ.

ಉತ್ತರದ ಬೆಳಕು ನೇರವಾಗಿ ಬೀಳುವ ದಕ್ಷಿಣದ ಗೋಡೆ ಇದೆಯಲ್ಲ, ಬಣ್ಣಕ್ಕೆ ಅದೇ ಸರಿಯಾದ ಜಾಗ. ಟಿವಿ ಎಲ್ಲಿದೆ ಹೇಳಿ.

ಬಿಳಿ ಗೋಡೆಯವರೇ, ನಿಮ್ಮ ಮಾತು ಬೆಳಕು ಚೆನ್ನಾಗಿರುವ ಮನೆಗೆ ಸರಿ. ಬೆಳಕು ಕಡಿಮೆ ಇರುವ ಮೂಲೆಯಲ್ಲಿ ಬಿಳಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ವಾಪಸ್ ಕೊಡಲು ಬೆಳಕೇ ಇಲ್ಲ, ಪಾಪ ಬಿಳಿ ಏನು ಮಾಡೀತು?

ಹನುಮಂತನಗರ ಮೊದಲ ಮಹಡಿ

ಟಿವಿ ದಕ್ಷಿಣದ ಗೋಡೆಯಲ್ಲೇ ಇದೆ! ಪಶ್ಚಿಮದ ಗೋಡೆಗೆ ಸೋಫಾ. ರಾತ್ರಿ ಎರಡು ಎಲ್‌ಇಡಿ ಟ್ಯೂಬ್‌ಲೈಟ್, ಬಿಳಿ ಬೆಳಕಿನವು.

ಬ್ರಷ್ ರೋಲರ್

ಮೇಡಂ, ನಾನು ಪೇಂಟ್ ಕಂಟ್ರಾಕ್ಟ್ ಮಾಡುವವನು. ಮೇಲಿನವರು ಹೇಳಿದ್ದಕ್ಕೆ ಕೈ ಕೆಲಸದ ಮಾತು ಸೇರಿಸುತ್ತೇನೆ.

ಗೋಡೆ ಮೇಲೆ ನೇರವಾಗಿ ಸ್ಯಾಂಪಲ್ ಹೊಡೆಸಬೇಡಿ. ಹಳೇ ಬಣ್ಣ ಸುತ್ತ ಇದ್ದರೆ ಹೊಸದರ ಅಂದಾಜು ಸಿಗುವುದಿಲ್ಲ. ದೊಡ್ಡ ಬಿಳಿ ಚಾರ್ಟ್ ಶೀಟ್ ತನ್ನಿ. ಕೆಲವು ಕಂಪನಿಗಳು ಸ್ಯಾಂಪಲ್ ಡಬ್ಬ ಕೊಡುತ್ತವೆ, ಇಲ್ಲದಿದ್ದರೆ ಸಿಗುವ ಅತಿ ಚಿಕ್ಕ ಡಬ್ಬ ತೆಗೆದುಕೊಳ್ಳಿ. ಎರಡು ಕೋಟ್ ಹೊಡೆದು ಪೂರ್ತಿ ಒಣಗಲು ಬಿಡಿ. ಹಸಿ ಇದ್ದಾಗಿನ ಬಣ್ಣ ಬೇರೆ, ಒಣಗಿದ ಮೇಲಿನ ಬಣ್ಣ ಬೇರೆ. ಸುತ್ತ ಒಂದಿಂಚು ಬಿಳಿ ಅಂಚು ಬಿಡಿ. ಆಮೇಲೆ ಶೀಟನ್ನು ನೆಲಕ್ಕೆ ಹಾಸಿ ನೋಡುವುದಲ್ಲ, ಗೋಡೆಗೆ ಅಂಟಿಸಿ ನೋಡಿ. ಬೆಳಿಗ್ಗೆ ಕಾಫಿ ಹೊತ್ತಿಗೆ ಒಂದು ಸಲ, ಆ ಕಿತ್ತಳೆ ಬೆಳಕು ಬಂದಾಗ ಒಂದು ಸಲ, ರಾತ್ರಿ ಲೈಟ್ ಹಾಕಿ ಒಂದು ಸಲ. ಪ್ರತಿ ಗೋಡೆಗೂ ಕೊಂಡುಹೋಗಿ ನೋಡಿ.

ಚಿಕ್ಕ ಚೀಟಿಯಲ್ಲಿ ತಿಳಿ ಕಂಡ ಬಣ್ಣ ನಾಲ್ಕು ಗೋಡೆಗೆ ಹೊಡೆದಾಗ ಗಾಢವಾಗುತ್ತದೆ. ಒಂದು ಗೋಡೆಯ ಬಣ್ಣ ಇನ್ನೊಂದಕ್ಕೆ ಬಡಿದು ಮತ್ತೆ ವಾಪಸ್ ಬರುತ್ತದೆ. ಆದ್ದರಿಂದ ಮನಸ್ಸಿಗೆ ಹಿಡಿಸಿದ ಶೇಡ್‌ಗಿಂತ ಒಂದು ಮೆಟ್ಟಿಲು ತಿಳಿಯದು ತೆಗೆದುಕೊಳ್ಳಿ. ಶೇಡ್ ಕಾರ್ಡ್‌ನಲ್ಲೋ ಕಂಪನಿಯ ವೆಬ್‌ಸೈಟಿನಲ್ಲೋ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ. ಬಿದ್ದ ಬೆಳಕಿನಲ್ಲಿ ಎಷ್ಟನ್ನು ಆ ಬಣ್ಣ ವಾಪಸ್ ಕೊಡುತ್ತದೆ ಅನ್ನುವುದರ ಲೆಕ್ಕ. ಸೊನ್ನೆ ಅಂದರೆ ಕಪ್ಪು, 100 ಅಂದರೆ ಅಪ್ಪಟ ಬಿಳಿ. ಬೆಳಕು ಕಡಿಮೆ ಇರುವ ಹಾಲ್‌ಗೆ ಮುಖ್ಯ ಗೋಡೆಗಳು 70ರ ಮೇಲಿರಲಿ ಅನ್ನುವುದು ನನ್ನ ಅನುಭವ. ಒಂದು ಗೋಡೆ 30, 40 ಆದರೂ ತೊಂದರೆ ಇಲ್ಲ.

ಕಿಟಕಿ ಇರುವ ಗೋಡೆಗೆ ಮಾತ್ರ ಗಾಢ ಬಣ್ಣ ಬೇಡ. ಬೆಳಕು ಅದರ ಹಿಂದಿನಿಂದ ಬರುವುದರಿಂದ ಆ ಗೋಡೆ ಮೊದಲೇ ಕತ್ತಲು. ಗಾಢ ಹೊಡೆದರೆ ಕಿಟಕಿ ಕಣ್ಣು ಕೋರೈಸುತ್ತದೆ.

ಫಿನಿಶ್ ಬಗ್ಗೆ: ಹಳೇ ಮನೆ ಅಂದಿರಿ. ಗೋಡೆಯಲ್ಲಿ ಏರುತಗ್ಗು ಇದ್ದೇ ಇರುತ್ತದೆ. ಹೊಳಪಿನ ಎಮಲ್ಷನ್ ಹೊಡೆದರೆ ಪ್ರತಿ ಪುಟ್ಟಿ ಗುರುತೂ ಎದ್ದು ಕಾಣುತ್ತದೆ. ಟಿವಿ ಗೋಡೆಗೆ ಮ್ಯಾಟ್ ಒಳ್ಳೆಯದು, ಲೈಟ್ ಪ್ರತಿಫಲಿಸುವುದಿಲ್ಲ. ಮಕ್ಕಳ ಕೈ ತಾಗುವ ಕಡೆ, ಪ್ಯಾಸೇಜಿನಲ್ಲಿ, ಒರೆಸಬಹುದಾದ, ಮಂದ ಹೊಳಪಿನ ಸಾಫ್ಟ್ ಶೀನ್ ಪೇಂಟ್ ಹಾಕಿಸಿ.

ಕಿಟಕಿಯಾಚೆ

ಟ್ಯೂಬ್‌ಲೈಟ್ ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 6500 ಕೆಲ್ವಿನ್ ಟ್ಯೂಬ್, ನೀಲಿ ಮಿಶ್ರಿತ ಬಿಳಿ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ. ಇದರ ಕೆಳಗೆ ಕೆನೆ ಬಣ್ಣ ಬಿಳಿಚಿಕೊಳ್ಳುತ್ತದೆ, ತೇಗದ ಬಾಗಿಲು ಸತ್ತ ಹಾಗೆ ಕಾಣುತ್ತದೆ. 2700 ಅಥವಾ 3000 ಕೆಲ್ವಿನ್ ಹಳದಿ ಬೆಳಕು. ಅದರಲ್ಲಿ ತೇಗ ಬಂಗಾರದಂತೆ ಹೊಳೆಯುತ್ತದೆ, ಆದರೆ ಮಕ್ಕಳು ಓದಲು ಕೂತರೆ ಮಂಕು ಅನ್ನುತ್ತಾರೆ. ನಡುವಿನ 4000 ಕೆಲ್ವಿನ್ ಬೆಳಕನ್ನು ಓದು, ಅಡುಗೆ, ಕೆಲಸಕ್ಕೆ ಇಟ್ಟುಕೊಳ್ಳಿ. ಸಂಜೆ ಕೂರಲು 3000ದ ಒಂದೆರಡು ದೀಪ ಬೇರೆ ಸ್ವಿಚ್‌ಗೆ ಕೊಡಿಸಿ.

ದೀಪದ ಡಬ್ಬದ ಮೇಲೆ ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಅದು 90ರ ಆಸುಪಾಸು ಇದ್ದರೆ ಬಣ್ಣಗಳು ನಿಜವಾಗಿ ಕಾಣುತ್ತವೆ. ಅಡುಗೆಮನೆಗೆ ಇದು ಬಹಳ ಮುಖ್ಯ. ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಕೆಂಪಾಯಿತೋ ಕಪ್ಪಾಯಿತೋ ಗೊತ್ತಾಗಬೇಕಲ್ಲ.

ಬಣ್ಣಕ್ಕೆ ಸಾವಿರಗಟ್ಟಲೆ ಖರ್ಚು ಮಾಡುವ ಮೊದಲು ದೀಪ ಬದಲಾಯಿಸಿ ನೋಡಿ. ಇದನ್ನು ಎಲ್ಲರಿಗೂ ಹೇಳುತ್ತೇನೆ.

ಮಲ್ಲೇಶ್ವರದಮ್ಮ

ಮಗಳೇ, ನಾನು ಓದಿ ತಿಳಿದವಳಲ್ಲ, ಕಂಡದ್ದು ಹೇಳುತ್ತೇನೆ. ನಮ್ಮ ಮಲ್ಲೇಶ್ವರದ ಮನೆ ಮಾವನವರ ಕಾಲದ್ದು. ನೆಲ ರೆಡ್ ಆಕ್ಸೈಡ್. ಕೈಯಲ್ಲಿ ಉಜ್ಜಿ ಉಜ್ಜಿ ಹೊಳಪು ತಂದದ್ದು. ಆಗ ಗೋಡೆಗೆ ಹಬ್ಬದ ಮುಂಚೆ ಸುಣ್ಣ. ಸುಣ್ಣದ ಬಕೆಟ್ಟಿಗೆ ಬಟ್ಟೆಗೆ ಹಾಕುವ ನೀಲಿಯನ್ನೇ ಒಂದು ಚಿಟಿಕೆ ಕದಡುತ್ತಿದ್ದರು. ಹಳದಿ ಛಾಯೆ ಹೋಗಿ ಬಿಳಿ ಇನ್ನಷ್ಟು ಬಿಳಿ ಕಾಣುತ್ತಿತ್ತು.

ಹಜಾರಕ್ಕೆ ಮಾತ್ರ ಯಾವಾಗಲೂ ತಿಳಿ ಪಿಸ್ತಾ ಹಸಿರು. ಯಾಕೆ ಅಂತ ಒಮ್ಮೆ ಅತ್ತೆಯವರನ್ನು ಕೇಳಿದ್ದೆ. ಕೆಂಪು ನೆಲಕ್ಕೆ ಬೇರೆ ಬಣ್ಣ ಒಪ್ಪುವುದಿಲ್ಲ ಅಂದರು. ಅದು ನಿಜ. ಬೆಳಗಿನ ಬಿಸಿಲು ಆ ನೆಲಕ್ಕೆ ಬಿದ್ದರೆ ಬಿಳಿ ಗೋಡೆಯ ಕೆಳಭಾಗ ಗುಲಾಬಿಯಾಗುತ್ತದೆ. ಹಸಿರು ಗೋಡೆಯಲ್ಲಿ ಆ ಗುಲಾಬಿ ಗೊತ್ತೇ ಆಗುವುದಿಲ್ಲ, ನೆಲ ಮಾತ್ರ ಇನ್ನೂ ಕೆಂಪಗೆ ತುಂಬಿಕೊಂಡು ಕಾಣುತ್ತದೆ.

ನಿನ್ನ ಮೊಸಾಯಿಕ್‌ನಲ್ಲಿ ಹಸಿರು ಚೂರು ಇದೆ ಅಂದೆಯಲ್ಲ. ಆ ಹಸಿರನ್ನೇ ಗೋಡೆಗೆ ತಾ. ನೆಲವನ್ನು ಒದ್ದೆ ಮಾಡಿ ನೋಡು, ಚೂರಿನ ನಿಜವಾದ ಬಣ್ಣ ಆಗ ಗೊತ್ತಾಗುತ್ತದೆ.

ಬ್ರಷ್ ರೋಲರ್

ಅಮ್ಮ, ನೆಲ ಒದ್ದೆ ಮಾಡಿ ನೋಡುವ ಉಪಾಯ ತುಂಬ ಚೆನ್ನಾಗಿದೆ. ನಿಮ್ಮ ನೆಲದ ಕೆಂಪು ಕಬ್ಬಿಣದ ಆಕ್ಸೈಡ್. ತುಕ್ಕಿನ, ಕೆಮ್ಮಣ್ಣಿನ ಬಣ್ಣವೂ ಅದೇ ಜಾತಿಯದ್ದು. ಬಿಸಿಲಿಗೆ ಜಗ್ಗುವುದಿಲ್ಲ. ಹೊರಗಿನ ಗೋಡೆಗೆ ಬಣ್ಣ ಆರಿಸುವವರೂ ಇದನ್ನು ನೆನಪಿಡಿ. ಇಟ್ಟಿಗೆ ಕೆಂಪು, ಮಣ್ಣಿನ ಹಳದಿ ಥರದವು ವರ್ಷಗಟ್ಟಲೆ ನಿಲ್ಲುತ್ತವೆ. ಕಣ್ಣು ಕುಕ್ಕುವ ಹಳದಿ, ಗುಲಾಬಿಗಳು ಬೇಗ ಮಾಸುತ್ತವೆ.

ಕಿಟಕಿಯಾಚೆ

ಅಮ್ಮನವರ ಅತ್ತೆ ಹೇಳಿದ್ದನ್ನೇ 1839ರಲ್ಲಿ ಶೆವ್ರೂಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ನಿಯಮವಾಗಿ ಬರೆದಿಟ್ಟರು. ಅವರು ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲು ಮಂಕಾಗಿದೆ ಅಂತ ದೂರು ಬರುತ್ತಿತ್ತು. ಪರೀಕ್ಷೆ ಮಾಡಿದರೆ ನೂಲಿನ ಕಪ್ಪಿನಲ್ಲಿ ದೋಷವೇ ಇಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳಿಂದ ಅದು ಮಂಕು ಕಾಣುತ್ತಿತ್ತು. ಪಕ್ಕಪಕ್ಕದ ಎರಡು ಬಣ್ಣ ಒಂದನ್ನೊಂದು ಬದಲಾಯಿಸುತ್ತವೆ. ಕೆಂಪು, ಹಸಿರು ಜೊತೆಯಾದರೆ ಎರಡೂ ಹೆಚ್ಚು ಎದ್ದು ಕಾಣುತ್ತವೆ. ಅದಕ್ಕೇ ಗೋಡೆಯ ಹಸಿರನ್ನು ತಿಳಿಯಾಗಿ ಇಟ್ಟು ನೆಲದ ಕೆಂಪನ್ನು ಗಾಢವಾಗಿ ಬಿಟ್ಟಿದ್ದಾರೆ. ಎರಡೂ ಗಾಢವಾಗಿದ್ದರೆ ಕಣ್ಣಿಗೆ ಜಗಳ.

ಜಯನಗರ ಬಾಲ್ಕನಿ

ಯಾರೂ ಹೇಳದ ವಿಷಯ ಒಂದಿದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಬಣ್ಣ ಬರೀ ಅಂದಕ್ಕಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ. ನೀಲಿ ಬೆಳಕು ಕಡಿಮೆ ಒಳಗೆ ಹೋಗುತ್ತದೆ. ಕಡು ನೀಲಿ ಯಾವುದು, ಕಪ್ಪು ಯಾವುದು ಅಂತ ಗುರುತಿಸುವುದು ಕಷ್ಟ. ತಿಳಿ ಬಣ್ಣಗಳ ನಡುವಿನ ವ್ಯತ್ಯಾಸವೂ ಅಳಿಸಿಹೋಗುತ್ತದೆ.

ನಮ್ಮ ಅಮ್ಮನಿಗೆ ಪೊರೆ ಆಪರೇಷನ್ ಆದ ಮೇಲೆ ಪಟ್ಟಿ ತೆಗೆದ ದಿನ ಅಡುಗೆಮನೆಯ ನೀಲಿ ಡಬ್ಬ ಕೈಗೆತ್ತಿಕೊಂಡು, ಇದು ಯಾವಾಗ ತಂದದ್ದು ಅಂತ ಕೇಳಿದರು. ಅದು ವರ್ಷಗಳಿಂದ ಅಲ್ಲೇ ಇತ್ತು. ಅವರಿಗೆ ಅದು ಬೂದು ಡಬ್ಬವಾಗಿತ್ತು. ಅಷ್ಟು ದಿನ ಅವರು ಬೇರೆಯೇ ಮನೆಯಲ್ಲಿ ಓಡಾಡುತ್ತಿದ್ದರು ಅಂತ ಆಗ ನಮಗೆ ಗೊತ್ತಾಯಿತು.

ಅದಕ್ಕೆ ಕೇಳಿಕೊಳ್ಳುವುದು ಇಷ್ಟೇ. ಬಾತ್‌ರೂಮಿನಲ್ಲಿ ಬಿಳಿ ಟೈಲ್ಸ್, ಬಿಳಿ ಕಮೋಡ್, ಬಿಳಿ ನೆಲ ಎಲ್ಲ ಒಂದೇ ಮಾಡಬೇಡಿ. ಕಮೋಡ್ ಹಿಂದಿನ ಗೋಡೆ ಬೇರೆ ಬಣ್ಣ ಇರಲಿ. ಮೆಟ್ಟಿಲಿನ ಅಂಚಿಗೆ ಮೆಟ್ಟಿಲಿಗಿಂತ ಬೇರೆಯಾಗಿ ಕಾಣುವ ಪಟ್ಟಿ ಬೇಕು. ಸ್ವಿಚ್ ಬೋರ್ಡ್ ಗೋಡೆಯ ಬಣ್ಣದಲ್ಲಿ ಕರಗಿಹೋಗಬಾರದು. ಹಿಡಿಕೆ ಕಂಬಿ ಕೂಡ ಹಾಗೇ. ನಿಮ್ಮ ಅತ್ತೆ ಮಾವ ಮೇಲೆ ಹತ್ತಿ ಬರುತ್ತಾರಲ್ಲ, ಮೆಟ್ಟಿಲನ್ನು ದಯವಿಟ್ಟು ನೋಡಿ.

ಹನುಮಂತನಗರ ಮೊದಲ ಮಹಡಿ

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಮೆಟ್ಟಿಲು ಪೂರ್ತಿ ಬೂದು ಗ್ರಾನೈಟ್. ಮಾವ ಇಳಿಯುವಾಗ ಕೊನೆ ಮೆಟ್ಟಿಲ ಹತ್ತಿರ ಕಾಲಲ್ಲಿ ತಡವುತ್ತಾರೆ. ಮೊದಲು ಅದನ್ನೇ ಮಾಡಿಸುತ್ತೇವೆ. ತುಂಬ ಥ್ಯಾಂಕ್ಸ್.

ಎಚ್‌ಎಸ್‌ಆರ್ ಬಾಡಿಗೆದಾರ

ನಮ್ಮಂಥ ಬಾಡಿಗೆಯವರ ಗತಿ ಏನು? 11 ತಿಂಗಳ ಅಗ್ರಿಮೆಂಟ್, ಗೋಡೆಗೆ ಮೊಳೆ ಹೊಡೆಯಲೂ ಓನರ್ ಒಪ್ಪಲ್ಲ. ಬಿಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಅಂಥ ಕಡೆ ಬಣ್ಣ ತರುವುದು ಹೇಗೆ?

ಕಿಟಕಿಯಾಚೆ

ಬಟ್ಟೆಯಿಂದ. ಬಾಡಿಗೆ ಮನೆಯಲ್ಲಿ ಅತಿ ದೊಡ್ಡ ಬಣ್ಣದ ಜಾಗ ಪರದೆ ಮತ್ತು ಮಂಚದ ಹೊದಿಕೆ. ಒಂದೇ ಎಚ್ಚರ: ತೆಳು ಪರದೆಯ ಮೂಲಕ ಬಿಸಿಲು ಬಂದರೆ ಕೋಣೆಯೆಲ್ಲ ಪರದೆಯ ಬಣ್ಣವೇ. ನೀಲಿ ಪರದೆ ಹಾಕಿದರೆ ಮುಖವೂ ನೀಲಿ. ಹಿಂದೆ ತಿಳಿ ಬಣ್ಣದ ಲೈನಿಂಗ್ ಹೊಲಿಸಿ, ಆಗ ಪರದೆಯ ಬಣ್ಣ ಪರದೆಯಲ್ಲೇ ಉಳಿಯುತ್ತದೆ.

ಕುಶನ್‌ಗೆ ಗುಳೇದಗುಡ್ಡದ ಖಣ ನೋಡಿ. ಬಾಗಲಕೋಟೆ ಜಿಲ್ಲೆಯ ಕೈಮಗ್ಗದ್ದು, ರವಿಕೆಗೆಂದೇ ನೇಯುವ ಬಟ್ಟೆ. ಮೈ ಒಂದು ಬಣ್ಣ, ಅಂಚು ಇನ್ನೊಂದು. ಕಡು ನೇರಳೆಗೆ ಕೆಂಪಂಚು, ಗಿಳಿ ಹಸಿರಿಗೆ ಕುಂಕುಮದ ಅಂಚು. ಬಣ್ಣ ಜೋಡಿಸುವುದನ್ನು ಕಲಿಯಬೇಕೆಂದರೆ ಆ ನೇಕಾರರ ಒಂದು ತುಂಡನ್ನು ಬಿಡಿಸಿ ನೋಡಿದರೆ ಸಾಕು. ಒಂದು ಬಣ್ಣ ಬಹುಪಾಲು ಜಾಗ ಹಿಡಿಯುತ್ತದೆ, ಎರಡನೆಯದು ಅಂಚಿಗೆ, ಮೂರನೆಯದು ಬರೀ ಬುಟ್ಟಾದ ಎಳೆಯಲ್ಲಿ. ವಿನ್ಯಾಸಕಾರರು 60, 30, 10 ಅಂತ ಹೇಳುವ ಅಳತೆ ಇದಕ್ಕೆ ಹತ್ತಿರದ್ದೇ.

ಚನ್ನಪಟ್ಟಣದ ಅರಗಿನ ಗೊಂಬೆಗಳೂ ಹಾಗೇ. ನಾಲ್ಕೈದನ್ನು ಒಟ್ಟಿಗೆ ಒಂದೇ ಶೆಲ್ಫಿನಲ್ಲಿಡಿ. ಮನೆಯೆಲ್ಲ ಒಂದೊಂದು ಹರಡಿದರೆ ಯಾವುದೂ ಕಾಣುವುದಿಲ್ಲ.

ರಾಜಾಜಿನಗರ 2ನೇ ಬ್ಲಾಕ್

ವಾಸ್ತು ಪ್ರಕಾರ ಈಶಾನ್ಯಕ್ಕೆ ಗಾಢ ಬಣ್ಣ ಬರಬಾರದು, ತಿಳಿ ಬಣ್ಣ ಇರಬೇಕು. ಮನೆಯ ಹಿರಿಯರನ್ನು ಒಂದು ಮಾತು ಕೇಳಿ.

ಕಿಟಕಿಯಾಚೆ

ಇವರ ಹಾಲ್‌ನಲ್ಲಿ ಉತ್ತರ, ಪೂರ್ವ ಎರಡೂ ಕಿಟಕಿ ಇರುವ ಗೋಡೆಗಳು. ತಿಳಿಯಾಗಿಯೇ ಇರಬೇಕು ಅಂತ ಬೆಳಕಿನ ಲೆಕ್ಕದಲ್ಲೂ ಆಯಿತಲ್ಲ. ಹಿರಿಯರಿಗೂ ಸಮಾಧಾನ.

ಹನುಮಂತನಗರ ಮೊದಲ ಮಹಡಿ

ಚಾರ್ಟ್ ಶೀಟ್ ಮಾಡಿ ನೋಡಿದೆವು. ಒಂದು ಗ್ರೇ, ಒಂದು ಕೆನೆ, ಎರಡು ಥರದ ಬೂದು ಮಿಶ್ರಿತ ಹಸಿರು. ಹಸಿರು ಆರಿಸುವ ಮೊದಲು ಅಮ್ಮ ಹೇಳಿದ ಹಾಗೆ ನೆಲ ಒದ್ದೆ ಮಾಡಿ, ಕಾರ್ಡನ್ನು ಚೂರುಗಳ ಪಕ್ಕ ಇಟ್ಟು ನೋಡಿದೆ. ಒಣ ನೆಲದಲ್ಲಿ ಕಪ್ಪು ಅಂದುಕೊಂಡಿದ್ದ ಚೂರುಗಳೂ ಹಸಿರೇ!

ಗ್ರೇ ಶೀಟನ್ನು ಸೋಫಾ ಹಿಂದೆ ಅಂಟಿಸಿ, ಮಧ್ಯಾಹ್ನದವರೆಗೆ ಕಾಯಲು ನಮ್ಮವರಿಗೆ ಹೇಳಿದೆ. ಬೆಳಿಗ್ಗೆ ಅದು ನೀಲಿ, ಒಂದೂವರೆ ಗಂಟೆಗೆ ಇಟ್ಟಿಗೆ ಬಣ್ಣಕ್ಕೆ ಹತ್ತಿರ. ಅವರೇ ಶೀಟ್ ತೆಗೆದುಬಿಟ್ಟರು. ಅದೇ ಜಾಗದಲ್ಲಿ ಕೆನೆ ಚೆನ್ನಾಗಿ ಕಂಡಿತು. ಟಿವಿ ಗೋಡೆಗೆ ಎರಡರಲ್ಲಿ ತಿಳಿ ಹಸಿರು ಎಲ್ಲರಿಗೂ ಹಿಡಿಸಿತು, ನಾದಿನಿಗೂ. ಉಳಿದ ಮೂರು ಗೋಡೆ ಕೆನೆ. ಪೂರ್ವದ ಕಿಟಕಿಯ ಹೊರಗೆ ಕಂಬಿಗೆ ಮನಿ ಪ್ಲಾಂಟ್ ಹಬ್ಬಿಸೋಣ ಅಂತಿದ್ದೇವೆ, ಕಿತ್ತಳೆ ಸ್ವಲ್ಪ ತಡೆಯಲಿ ಅಂತ.

ಇನ್ನೆರಡು ಪ್ರಶ್ನೆ. ಸೀಲಿಂಗ್ ಯಾವ ಬಣ್ಣ? ಕಿಟಕಿಯ ಕಬ್ಬಿಣದ ಗ್ರಿಲ್‌ಗೆ ಹಳೇ ಬಿಳಿ ಆಯಿಲ್ ಪೇಂಟ್ ಇದೆ, ಹಳದಿಯಾಗಿದೆ. ಅದರ ಮೇಲೇ ಹೊಡೆಸಬಹುದಾ?

ಬ್ರಷ್ ರೋಲರ್

ಸೀಲಿಂಗ್ ಬಿಳಿಯೇ ಇರಲಿ ಮೇಡಂ, ಆದರೆ ನೀಲಿ ಛಾಯೆಯ ಬಿಳಿ ಬೇಡ. ಕೆನೆ ಗೋಡೆಯ ಪಕ್ಕ ಅದು ಇನ್ನೂ ನೀಲಿ ಕಾಣುತ್ತದೆ. ಗೋಡೆಯ ಕೆನೆಗೆ ಹಾಕುವ ಬಣ್ಣದ ಕಾಲು ಭಾಗವನ್ನಷ್ಟೇ ಬಿಳಿಗೆ ಹಾಕಿ ಮಿಷಿನ್ನಿನಲ್ಲಿ ಮಿಕ್ಸ್ ಮಾಡಿಸಿದರೆ ಹೊಂದುತ್ತದೆ.

ಗ್ರಿಲ್ ವಿಷಯ ಗಮನವಿಟ್ಟು ಓದಿ. ಬಿಳಿ ಆಯಿಲ್ ಪೇಂಟ್ ಹಳದಿಯಾಗುವುದು ಅದರ ಗುಣ, ಬೆಳಕು ಕಡಿಮೆ ಇರುವ ಕಡೆ ಇನ್ನೂ ಬೇಗ. ಈಗ ನೀರಿನಲ್ಲಿ ಬೆರೆಸುವ ಎನಾಮೆಲ್ ಬಂದಿದೆ, ಅದು ಅಷ್ಟು ಹಳದಿಯಾಗಲ್ಲ. ಆದರೆ ಹಳೇ ಪೇಂಟನ್ನು ಒಣಗಿದ್ದಂತೆಯೇ ಉಜ್ಜಿಸಬೇಡಿ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು, ಅದರ ಧೂಳು ವಿಷ. ನೀರು ಹಾಕಿ ವಾಟರ್ ಪೇಪರ್‌ನಲ್ಲೇ ಉಜ್ಜಿಸಿ, ಮಾಸ್ಕ್ ಹಾಕಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ. ಆ ದಿನ ಮಕ್ಕಳನ್ನು ಕೆಳಗಿನ ಮನೆಗೆ ಕಳಿಸಿಬಿಡಿ.

ಇನ್ನು ಗೋಡೆ. ಮಳೆ ನಿಂತ ತಕ್ಷಣ ಶುರು ಮಾಡಬೇಡಿ, ಅಕ್ಟೋಬರ್ ಮಳೆಯೂ ಹೋಗಲಿ. ಸಂಶಯ ಇರುವ ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಬಿಡಿ. ಒಳಗಡೆ ನೀರಿನ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ. ಆ ಗೋಡೆಗೆ ಎಂಥ ಬಣ್ಣ ಹೊಡೆದರೂ ಗುಳ್ಳೆ ಏಳುತ್ತದೆ.

ವಿಜಯನಗರ ಗೃಹಿಣಿ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಮಗೆ ಮಗಳ ರೂಮಿಗೆ ಹಳದಿ ಬೇಕು, ಅದೂ ಗಾಢ ಹಳದಿ. ಪೇಂಟರ್ ಮೂರು ಕೋಟ್ ಬೇಕು ಅಂತಾರೆ. ನಿಜವಾ, ಜಾಸ್ತಿ ಬಿಲ್ ಮಾಡಲು ಹೇಳುತ್ತಿದ್ದಾರಾ?

ಬ್ರಷ್ ರೋಲರ್

ನಿಜ ಅಕ್ಕ. ಗಾಢ ಹಳದಿ, ಗಾಢ ಕೆಂಪಿಗೆ ಹಿಂದಿನ ಬಣ್ಣ ಮುಚ್ಚುವ ಶಕ್ತಿ ಕಡಿಮೆ. ಮಿಷಿನ್ನಿನಲ್ಲಿ ಬಣ್ಣ ಬೆರೆಸುವ ಮೂಲ ಪೇಂಟಿಗೆ ಬೇಸ್ ಅಂತಾರೆ. ತಿಳಿ ಬಣ್ಣಗಳ ಬೇಸ್‌ನಲ್ಲಿ ಬಿಳಿ ಪಿಗ್ಮೆಂಟ್, ಅಂದರೆ ಬಣ್ಣದ ಪುಡಿ, ಜಾಸ್ತಿ ಇರುತ್ತದೆ, ಮುಚ್ಚುವ ಕೆಲಸ ಅದೇ ಮಾಡುತ್ತದೆ. ಗಾಢ ಬಣ್ಣದ ಬೇಸ್‌ನಲ್ಲಿ ಅದು ಕಡಿಮೆ. ಪ್ರೈಮರ್ ಆದ ಮೇಲೆ ಒಂದು ಕೋಟ್ ತಿಳಿ ಹಳದಿ ಹೊಡೆಸಿ, ಆಮೇಲೆ ಎರಡು ಕೋಟ್ ಗಾಢ ಹಳದಿ. ದುಬಾರಿ ಬಣ್ಣ ಒಂದು ಕೋಟ್ ಉಳಿಯುತ್ತದೆ. ಬೇಕಾದಷ್ಟನ್ನು ಒಟ್ಟಿಗೇ ಮಿಕ್ಸ್ ಮಾಡಿಸಿ. ಎರಡನೇ ಸಲ ಮಿಕ್ಸ್ ಮಾಡಿಸಿದರೆ ಅದೇ ನಂಬರ್ ಆದರೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ, ಹಳದಿಯಲ್ಲಿ ಅದು ಎದ್ದು ಕಾಣುತ್ತದೆ. ಉಳಿದದ್ದನ್ನು ಚಿಕ್ಕ ಡಬ್ಬಕ್ಕೆ ತುಂಬಿ, ಶೇಡ್ ನಂಬರ್ ಬರೆದು ಅಟ್ಟದ ಮೇಲೆ ಇಟ್ಟುಕೊಳ್ಳಿ.